ಸೊಗಡಿನ ಕೋಟು

ಪೆರೇಸಂದ್ರದ ವೆಂಕಟರವಣಪ್ಪನವರಿಗಿಂತ ಮುಂಚೆ ಅವರ ಕೋಟಿನ ವಾಸನೆ ಬರುತ್ತದೆ. ಚಳಿಗಾಲ ಹುಟ್ಟಿತೆಂದರೆ ಆ ಕಂದು ಉಣ್ಣೆಯ ಕೋಟಿನ ಬಲಜೇಬಿನ ತುಂಬ ಅವರೆಕಾಯಿ. ನಡೆಯುತ್ತಲೇ ಸುಲಿಯುತ್ತಾರೆ, ಸಿಪ್ಪೆ ದಾರಿಯ ಮೇಕೆಗಳಿಗೆ, ಕಾಳು ಎಡಜೇಬಿಗೆ. ಹೀಗಾಗಿ ಮನೆಯಿಂದ ಬಲಕ್ಕೆ ವಾಲಿ ಹೊರಟ ಈ ಮಹಾನುಭಾವರು ಹೈವೇ ಪಕ್ಕದ ಟೀ ಅಂಗಡಿ ಸೇರುವಷ್ಟರಲ್ಲಿ ಎಡಕ್ಕೆ ವಾಲಿರುತ್ತಾರೆ.

ಮನೆಗೆ ಬಂದವರ ಮುಂದೆ ಕಾಫಿಗಿಂತ ಮೊದಲು ನೆನೆಸಿದ ಅವರೆಕಾಳಿನ ಪಾತ್ರೆ ಇಡುತ್ತಾರೆ. "ಸುಮ್ನೆ ಯಾಕ್ ಕೂತ್ಕೊಂತೀರಪ್ಪ, ಒಂದೀಟು ಹಿತುಕಿ" ಎಂಬುದೇ ಅವರ ನಮಸ್ಕಾರ. ಎಂಥ ದೊಡ್ಡ ಮನುಷ್ಯನೇ ಆಗಲಿ, ಕಾಳನ್ನು ಬೆರಳ ತುದಿಯಲ್ಲೊತ್ತಿ ಸಿಪ್ಪೆ ಬಿಡಿಸಲೇಬೇಕು! ಹಿತುಕಿದ ಬೇಳೆ ಅಂಗಡಿಯಲ್ಲೇ ಸಿಗುತ್ತದೆಂದು ಹೆಂಡತಿ ಶ್ಯಾಮಲಮ್ಮ ರೇಗಿದರೆ, "ಪಾಕೀಟಲ್ಲಿ ಮಾತು ಬರ್ತದೇನೇ?" ಎನ್ನುತ್ತಾರೆ. ಕೈಗೆ ಕೆಲಸ ಸಿಕ್ಕಾಗ ನಾಲಿಗೆಯ ಬಿಗುಮಾನ ಸಡಿಲುತ್ತದೆ, ಆಗ ಹುಟ್ಟುವ ತಲೆಬುಡವಿಲ್ಲದ ಹರಟೆಯೇ ಸಂಸಾರದ ಸಾರಸರ್ವಸ್ವ ಎಂಬುದು ಅವರ ಸಿದ್ಧಾಂತ.

ಇಂಥವರ ಮಗಳು ಸೌಜನ್ಯಳನ್ನು ನೋಡಲು ಮೊನ್ನೆ ಮಾಘದಲ್ಲಿ ಚಿಂತಾಮಣಿಯಿಂದ ಗಂಡಿನವರು ಬಂದರು. ಹುಡುಗ ಮುರಳಿಮೋಹನ್ ಅವಳ ಸಹೋದ್ಯೋಗಿ, ಅವಳೇ ಮೆಚ್ಚಿದವನು. ಒಪ್ಪಬೇಕಾದವರು ಅವನ ತಾಯಿ ಅನಸೂಯಮ್ಮ.

"ಅಪ್ಪಾ, ನಿನ್ ದಮ್ಮಯ್ಯ, ಇವತ್ತೊಂದಿನ ಅವರೆಕಾಳು ಹೊರಗೆ ತರಬೇಡ" ಎಂದು ಸೌಜನ್ಯ ಬೇಡಿಕೊಂಡಿದ್ದಳು.

"ತರಲ್ಲ ಕಣಮ್ಮ" ಎಂದಿದ್ದರು. ಕೊಟ್ಟ ಮಾತಿನಂತೆ ಜೇಬುಗಳನ್ನೂ ಬರಿದು ಮಾಡಿ, ಕೋಟಿನ ಗುಂಡಿ ಹಾಕಿಕೊಂಡು ಕುಳಿತರು.

ಸೋಫಾದ ಮೇಲೆ ಸಾಲಾಗಿ ಕುಳಿತವರದು ಎಂಥ ಮೌನ ಅಂತೀರಿ! ಉಪ್ಪಿಟ್ಟು ಆರಿತು. ಬಿಸಿಲಿನ ಬಗ್ಗೆ ಎರಡು ಮಾತು, ಬಸ್ಸಿನ ಬಗ್ಗೆ ಒಂದು, ಮುಗಿಯಿತು. ಅನಸೂಯಮ್ಮ ಸೆರಗು ಸರಿಪಡಿಸಿಕೊಂಡು ಗಡಿಯಾರ ನೋಡಿದರು. ಬಾಗಿಲ ಮರೆಯಲ್ಲಿದ್ದ ಮಗಳ ಕಣ್ಣು ತುಂಬಿದ್ದು ವೆಂಕಟರವಣಪ್ಪನವರಿಗೆ ಕಂಡಿತು. ಬರಿಗೈ ಬೆರಳುಗಳು ಗಾಳಿಯನ್ನೇ ಹಿತುಕತೊಡಗಿದವು.

ಆಗ ಅನಸೂಯಮ್ಮನ ಮೂಗರಳಿತು. "ಏನಿದು, ಅವರೆ ಸೊಗಡು ಬಂದಂಗಿದೆ?"

ಎಲ್ಲರೂ ಕೋಟಿನತ್ತ ತಿರುಗಿದರು. ವೆಂಕಟರವಣಪ್ಪ ನಾಚಿ ನೀರಾದರು. "ಒಳಗೆ ನೆನೆಹಾಕಿದೀವಮ್ಮ. ಹೊರಗೆ ತರಲ್ಲ ಅಂತ ಮಗೂಗೆ ಮಾತು ಕೊಟ್ಟಿದೀನಿ."

"ಅಯ್ಯೋ, ಪಿತಿಕಿ ಪಪ್ಪು!" ಎಂದು ಆಕೆ ಹಿತುಕಿದ ಬೇಳೆಯ ತೆಲುಗು ಹೆಸರಿಗೇ ಹಾರಿದರು. "ನಮ್ಮಮ್ಮ ಹೋದ್ಮೇಲೆ ಜೊತೇಲಿ ಕೂತು ಹಿತುಕೋರೇ ಇಲ್ಲ. ತಾರಮ್ಮ ಸೌಜನ್ಯ!" ರೇಷ್ಮೆ ಸೀರೆಯುಟ್ಟ ಆಕೆ ಸೋಫಾ ಬಿಟ್ಟು ನೆಲಕ್ಕೇ ಇಳಿದರು.

ಮತ್ತೇನು! ಎಲ್ಲರೂ ಪಾತ್ರೆಯ ಸುತ್ತ ಚಕ್ಕಂಬಕ್ಕಳ ಹಾಕಿದರು. ಮುರಳಿಮೋಹನ್ ಗಾಬರಿಯಲ್ಲಿ ಒತ್ತಿದ ಕಾಳು ಚಿಮ್ಮಿ ಅವನ ತಂದೆಯ ಕನ್ನಡಕಕ್ಕೆ ಬಡಿಯಿತು. ಸೌಜನ್ಯ ಕಿಸಕ್ಕನೆ ನಕ್ಕಳು. "ಒಳ್ಳೆ ಜೋಡಿ, ನಗ್ತಾ ಇರ್ತಾರೆ" ಎಂದರು ಅನಸೂಯಮ್ಮ, ತಲೆಯೆತ್ತದೆ, ಹಿತುಕುತ್ತಲೇ. ಸಂಬಂಧ ಕುದುರಿದ್ದು ಹಾಗೆ.

ಹೊರಡುವಾಗ ಅನಸೂಯಮ್ಮ ಶ್ಯಾಮಲಮ್ಮನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ಮದುವೆವರೆಗೂ ಆ ಕೋಟು ಒಗೀಬೇಡಿ."

ವೆಂಕಟರವಣಪ್ಪನಂಥವರು ಸಭೆಗಳಲ್ಲಿ ಮುಂದಿನ ಕುರ್ಚಿಗೆ ಸಲ್ಲುವವರಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ನಾವು ಕೆಲಸಕ್ಕೆ ಬಾರದ್ದೆಂದು ದಾಟಿಹೋಗುವ ಹೊತ್ತುಗಳಲ್ಲೇ ಅವರು ಹಾಯಾಗಿ ಸಂಸಾರ ಹೂಡಿರುತ್ತಾರೆ, ಅಲ್ಲಿಗೆ ಹೋದವರನ್ನು ಸುಮ್ಮನೆ ಕಳಿಸುವುದಿಲ್ಲ. ಅವರ ಮನೆಯಿಂದ ಎದ್ದು ಬಂದ ಮೇಲೆ ಬೆರಳು ಮೂಸಿ ನೋಡಿಕೊಳ್ಳಿ.