ಅಕ್ಕನ ಕೈಯಲ್ಲಿ ತಮ್ಮನ ಪಟ್ಟಿ

೧

ಎಲ್ಲಿಂದ ಶುರು ಮಾಡಲಿ? ಕೆಮ್ಮಿನಿಂದ ಶುರು ಮಾಡಿದರೆ ನೀವು ಪುಟ ತಿರುಗಿಸಿಬಿಡುತ್ತೀರಿ, ಗೊತ್ತು. ಮೊದಲ ಡ್ರಾಫ್ಟಿನಲ್ಲಿ ಹಾಗೇ ಮಾಡಿ ಹರಿದು ಹಾಕಿದೆ. ಫೋನಿನಿಂದ ಶುರು ಮಾಡೋಣ.

ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಮೂವತ್ತು ವರ್ಷ ಹಿಟ್ಟಿನ ಗಿರಣಿಯಲ್ಲಿ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡಿದ್ದ ತಮ್ಮ ಎತ್ತಿದ. ಆಸ್ಪತ್ರೆಯ ನರ್ಸ್. ಅವನ ಮಣಿಕಟ್ಟಿಗೆಂದು ಅವರೇ ಕೊಟ್ಟ ಸೆನ್ಸರ್ ಪಟ್ಟಿ, ರಕ್ತದ ಆಕ್ಸಿಜನ್ನನ್ನೂ ಉಸಿರಾಟವನ್ನೂ ಅಳೆದು ಅವಳ ಕಂಪ್ಯೂಟರಿಗೆ ಕಳಿಸುತ್ತದೆ.

"ಏನಣ್ಣಾ, ತೊಂಬತ್ತೇಳು! ಹುಡುಗರ ಹಾಗಿದೀರಲ್ಲ!"

"ಎಲ್ಲ ನಿಮ್ಮ ಔಷಧಿ ಗುಣ ಕಣಮ್ಮಾ," ಎಂದ ತಮ್ಮ, ಆ ಒಂದು ಮಾತಿಗೆ ಎರಡು ಸಲ ಏದುಸಿರು ಬಿಟ್ಟು.

(ಪಟ್ಟಿ ಇದ್ದದ್ದು ಎದುರಿಗೆ ಹೊಲಿಗೆ ಮಿಷನ್ ತುಳಿಯುತ್ತಿದ್ದ ಅಕ್ಕನ ಕೈಯಲ್ಲಿ. ಇದನ್ನು ಕೊನೆಯವರೆಗೂ ಬಚ್ಚಿಟ್ಟು ನಿಮ್ಮನ್ನು ಬೇಸ್ತು ಬೀಳಿಸಬಹುದಿತ್ತು. ಅಷ್ಟು ಸಣ್ಣವನಲ್ಲ ನಾನು.)

೨

ಆಕ್ಸಿಜನ್ ಮೂರು ದಿನ ಸತತವಾಗಿ ಎಂಬತ್ತೆಂಟಕ್ಕಿಂತ ಕೆಳಗಿಳಿದರೆ ಆಸ್ಪತ್ರೆಯ ಗಾಡಿ ಬಂದು ಕರೆದೊಯ್ಯುತ್ತದೆ. ಗಿರಣಿಯ ಇಬ್ಬರು ಜೊತೆಗಾರರು ಹಾಗೆ ಹೋದವರು ವಾಪಸು ಬರಲಿಲ್ಲ. ಅಂದಿನಿಂದ ಆಸ್ಪತ್ರೆ ಎಂದರೆ ತಮ್ಮನಿಗೆ ಹೆದರಿಕೆ.

"ನನ್ನ ಕೈಗೆ ಕಟ್ಟೋ ಅದನ್ನ. ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ," ಎಂದವಳು ಅಕ್ಕನೇ. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಈಗಲೂ ಇಳಿಸಿಲ್ಲ.

೩

ಇಲ್ಲಿಂದ ಕತೆ ತಮಾಷೆಯಾಗಬೇಕಿತ್ತು. ಅಕ್ಕ ದಡಬಡ ಮೆಟ್ಟಿಲು ಹತ್ತುತ್ತಾಳೆ, ಡಾಕ್ಟರು ಬೆರಗಾಗಿ ತಮ್ಮನನ್ನು ಸ್ಟೇಜಿಗೆ ಹತ್ತಿಸಿ ಸನ್ಮಾನ ಮಾಡುತ್ತಾರೆ, ಇತ್ಯಾದಿ. ಎರಡು ಪುಟ ಬರೆದೂ ಆಗಿತ್ತು. ತಿರುಗಿ ಓದಿದರೆ ಒಂದು ಸಾಲಿನಲ್ಲಿ ಅಕ್ಕ ಕೆಮ್ಮಿದ್ದಳು.

ಆ ಸಾಲು ನಾನು ಬರೆದದ್ದಲ್ಲ.

ಹೊಡೆದುಹಾಕಿದೆ. ನೀರು ಕುಡಿದು ಬಂದು ನೋಡಿದರೆ ಮುಂದಿನ ಪ್ಯಾರಾದಲ್ಲಿ ಮಿಷನ್ ನಿಲ್ಲಿಸಿ ಗೋಡೆ ಹಿಡಿದು ನಿಂತಿದ್ದಾಳೆ.

"ಏನಕ್ಕಾ ಇದು? ನಾನು ಬರೆದೇ ಇಲ್ಲವಲ್ಲ!"

"ನೀನು ಬರೆದ್ರೆ ಮಾತ್ರ ನಂಗೆ ಉಬ್ಬಸ ಬರಬೇಕಾ?" ಎಂದಳು. "ತಮ್ಮಂಗೆ ಹೇಳ್ಬೇಡ. ಅವನು ಹೆದರ್ತಾನೆ."

೩ (ಮತ್ತೆ, ತಮಾಷೆ ಬಿಟ್ಟು)

ಕೆಲವು ವಾರ ಕಳೆದು ಮತ್ತೆ ನರ್ಸಿನ ಫೋನ್. "ಅಣ್ಣಾ, ಮೂರು ದಿನದಿಂದ ಎಂಬತ್ತೊಂದು. ಮಧ್ಯಾಹ್ನ ಮಲಗಿದಾಗ ಇಪ್ಪತ್ತು ಸೆಕೆಂಡು ಉಸಿರೇ ನಿಂತುಹೋಗ್ತಿದೆ. ಗಾಡಿ ಕಳಿಸ್ತಿದೀನಿ."

ತಮ್ಮ ಅಕ್ಕನತ್ತ ನೋಡಿದ. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದ್ದಳು. ದಾರ ಸೂಜಿಯ ಹತ್ತಿರವೂ ಇರಲಿಲ್ಲ.

"ಅಯ್ಯೋ, ಅದು ನಂದಲ್ಲಮ್ಮಾ, ಅಕ್ಕಂದು! ಪಟ್ಟಿ ಅವಳ ಕೈಲಿದೆ. ಅವಳನ್ನ ಕರ್ಕೊಂಡು ಹೋಗಿ."

ನರ್ಸ್ ನಕ್ಕಳು. "ಬರೋಕೆ ಹೆದರಿ ಎಲ್ಲರೂ ಇದನ್ನೇ ಹೇಳ್ತಾರಣ್ಣಾ. ಹೋದ ವಾರ ಒಬ್ಬರು ನಾಯಿಗೆ ಕಟ್ಟಿದ್ದೆ ಅಂದ್ರು."

ವ್ಯತ್ಯಾಸ ತೋರಿಸಿಬಿಡೋಣ ಎಂದು ತಮ್ಮ ಅಕ್ಕನ ಕೈಯಿಂದ ಪಟ್ಟಿ ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡ. ಎಂಬತ್ತೆರಡು. ಅವನದೂ ಅಷ್ಟೇ ಹದಗೆಟ್ಟಿತ್ತಲ್ಲ!

"ನೋಡಿದ್ರಾ?" ಎಂದಳು ನರ್ಸ್.

೫

(ನಾಲ್ಕನ್ನು ಹರಿದೆ. ಅದರಲ್ಲಿ ತಮ್ಮ ಆಸ್ಪತ್ರೆಯಲ್ಲಿ ಚೇತರಿಸಿಕೊಂಡು ಬಂದು ಮನೆಯ ಬಾಗಿಲು ತಟ್ಟುತ್ತಾನೆ. ತಟ್ಟುತ್ತಲೇ ಇರುತ್ತಾನೆ.)

ಬೇರೆ ಅಂತ್ಯ: ಗಾಡಿಯ ಜೊತೆ ಬಂದವನು ಚುರುಕು, ಅಕ್ಕನ ಮುಖ ಕಂಡೊಡನೆ ಎಲ್ಲ ತಿಳಿಯುತ್ತದೆ. ಬರೆದೆ. ಆದರೆ ಅವನು ಒಳಗೆ ಬಂದದ್ದೇ ತಡ, ಅಕ್ಕ ನೆಟ್ಟಗೆ ನಿಂತು, ಉಸಿರು ಬಿಗಿಹಿಡಿದು, ನಗತೊಡಗಿದಳು. ಆ ನಗುವನ್ನು ಮೂರು ಸಲ ಅಳಿಸಿದೆ. ಮೂರು ಸಲವೂ ಇತ್ತು.

ಗಾಡಿಯವನು ತಮ್ಮನ ತೋಳು ಹಿಡಿದ. ತಮ್ಮ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡ.

"ಆಕ್ಸಿಜನ್ ನೋಡೋಕೆ ಬೆರಳಿಗೆ ಹಾಕೋ ಕ್ಲಿಪ್ ಇದೆಯಲ್ಲಾ, ಒಂದೇ ಒಂದು ಸಲ ಅವಳಿಗೆ ಹಾಕಿ ನೋಡಪ್ಪಾ. ಆಮೇಲೆ ನನ್ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು. ನಾನೇ ಬಂದು ಗಾಡಿ ಹತ್ತಿ ಕೂರ್ತೀನಿ."

ಗಾಡಿಯವನು ಜೇಬಿಗೆ ಕೈ ಹಾಕಿದ. ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಮುಂದೇನಾಯಿತು ಎಂದು ನನ್ನನ್ನು ಕೇಳಬೇಡಿ. ಇನ್ನೊಂದು ಸಾಲು ಬರೆಯಲು ನನಗೆ ಧೈರ್ಯವಿಲ್ಲ. ಪೆನ್ನು ಮುಚ್ಚಿಟ್ಟಿದ್ದೇನೆ, ಆದರೂ ಪುಟದಲ್ಲಿ ಅವಳು ಹಾಗೇ ಉಸಿರು ಬಿಗಿಹಿಡಿದು ನಗುತ್ತ ನಿಂತಿದ್ದಾಳೆ. ಹತ್ತೊಂಬತ್ತು ಸೆಕೆಂಡಾಯಿತು.

ಅಕ್ಕಾ, ಉಸಿರು ಬಿಡು. ತಮ್ಮ ಈಗ ಹೆದರುತ್ತಿಲ್ಲ.