ಗೋಪುರದ ಕೆಳಗಿನ ಗುಂಪು

ಮೆಟ್ಟಿಲ ಮೇಲೆ ಬೂಟಿನ ಸದ್ದಾದಾಗ ತಾಮ್ರದ ತಗಡು ಆಗಲೇ ಆಮ್ಲದ ತೊಟ್ಟಿಯಲ್ಲಿತ್ತು. ಗೆರೆಗಳ ಮೇಲೆದ್ದ ಗುಳ್ಳೆಗಳನ್ನು ಪುಕ್ಕದಿಂದ ಸವರುತ್ತಿದ್ದ ಮಾರ್ಗೋಳ ಕೈ ನಿಂತುಬಿಟ್ಟಿತು.

"ಅಪ್ಪಾ, ಚಿತ್ರದಲ್ಲಿ ಗೋಪುರದ ಕೆಳಗೆ ನಮ್ಮ ಬಾಸ್ತಿಯೆನ್ ಇದಾನೆ."

"ಇದ್ರೆ ಇರ್ಲಿ ಬಿಡು. ಊರಿಗೂರೇ ಇದೆ ಅಲ್ಲಿ," ಎಂದ ಮುದುಕ ದೆಮಾಂಜ್.

"ಕೈಯಲ್ಲಿ ಕಲ್ಲಿದೆ."

ಹೋದ ವಾರ ನಾನ್ಸಿ ಪಟ್ಟಣದ ಚೌಕದಲ್ಲಿ ಒಬ್ಬನನ್ನು ನೇಣಿಗೇರಿಸುವಾಗ, ಊರನ್ನು ಹಿಡಿದಿದ್ದ ಫ್ರೆಂಚ್ ಕ್ಯಾಪ್ಟನ್ನನ ಹಣೆಗೆ ಕಲ್ಲೊಂದು ಬಿದ್ದಿತ್ತು. ಕಿಟಕಿಯಲ್ಲಿ ಕೂತ ಮಾರ್ಗೋ ಮೇಣ ಬಳಿದ ತಗಡಿನ ಮೇಲೆ ನಾನೂರು ಜನರನ್ನು ಸೂಜಿಯಿಂದ ಗೀಚಿದ್ದಳು, ಕಲ್ಲೆತ್ತಿದ ಅಣ್ಣ ಬಾಸ್ತಿಯೆನ್‌ನನ್ನೂ ಸೇರಿಸಿ. ಜವೆಗೋಧಿಯ ಕಾಳಿಗಿಂತ ಚಿಕ್ಕವನನ್ನು ಯಾರು ನೋಡಿಯಾರು ಎಂದುಕೊಂಡಿದ್ದಳು.

ಕ್ಯಾಪ್ಟನ್ ಒಳಗೆ ಬಂದ. ಹಣೆಗೆ ಪಟ್ಟಿ, ಕೈಯಲ್ಲಿ ಭೂತಗನ್ನಡಿ.

"ಏನಮ್ಮಾ, ಒಬ್ರನ್ನೂ ಬಿಡದೆ ಬರ್ದಿದೀಯಂತೆ? ಕಲ್ಲು ಹೊಡೆದೋನೂ ಅದರಲ್ಲಿರ್ತಾನೆ. ಅಚ್ಚು ತೆಗೀರಿ. ನಾನಿಲ್ಲೇ ಕೂತಿರ್ತೀನಿ."

ತಗಡು ಹೊರತೆಗೆದು, ದೂರದ ಜನರ ಮೇಲೆ ಕರಗಿದ ಕೊಬ್ಬು ಬಳಿಯುವ ಹೊತ್ತದು. ಬಳಿದ ಕಡೆ ಆಮ್ಲ ಮತ್ತೆ ತಾಗದು, ಗೆರೆ ತೆಳುವಾಗಿ ಉಳಿಯುತ್ತದೆ. ಅಪ್ಪನ ಚಿತ್ರಗಳಲ್ಲಿ ದೂರದ ಗುಂಪುಗಳು ಮಂಜಿನಂತೆ ಕಾಣುತ್ತಿದ್ದದ್ದೇ ಹಾಗೆ. ಅವನ ಕೈ ಕೊಬ್ಬಿನ ಬಟ್ಟಲ ತನಕ ಹೋಯಿತು. ಹಾಗೇ ಹಿಂದಕ್ಕೆ ಬಂತು.

"ಯಾಕಯ್ಯಾ, ದೂರದೋರಿಗೆ ಬಳಿಯಲ್ವಾ? ಪ್ಯಾರಿಸ್‌ನಲ್ಲಿ ಬಳೀತಾರೆ."

ಮಾರ್ಗೋ ಪುಕ್ಕ ಎತ್ತಿಕೊಂಡು ಮತ್ತೆ ಗುಳ್ಳೆಗಳನ್ನು ಸವರತೊಡಗಿದಳು.

"ನಮ್ದು ಬೇರೆ ಪದ್ಧತಿ, ಸ್ವಾಮಿ," ಎಂದ ದೆಮಾಂಜ್.

ಆಮ್ಲ ಸದ್ದಿಲ್ಲದೆ ಗೆರೆಗಳನ್ನು ತಿನ್ನುತ್ತಾ ಅಗಲಿಸುತ್ತಲೇ ಹೋಯಿತು. ಅಚ್ಚಿನ ಉರುಳೆಯಿಂದ ಒದ್ದೆ ಹಾಳೆ ಹೊರಬಂದಾಗ ಗೋಪುರದ ಕೆಳಗೆ ಗೆರೆಯೊಳಗೆ ಗೆರೆ ಸೇರಿ ಕಪ್ಪು ಮುದ್ದೆಯಾಗಿತ್ತು. ಭೂತಗನ್ನಡಿ ಅಲ್ಲಿಗೇ ಬಂದು ನಿಂತಿತು. ಸರಿಯಿತು. ಮತ್ತೆ ಬಂತು.

"ಥೂ! ಮಸಿ ಕಾರಿಕೊಂಡಂಗಿದೆ! ಇದೇನಾ ನಿನ್ನ ಪದ್ಧತಿ?"

"ಕೈ ತಪ್ಪಿತು, ಸ್ವಾಮಿ."

ಕ್ಯಾಪ್ಟನ್ ಅಪ್ಪನನ್ನು ನೋಡಿದ, ಮಗಳನ್ನು ನೋಡಿದ. "ತಪ್ಪಿತೋ, ತಪ್ಪಿಸಿದೆಯೋ?"

"ಸ್ವಂತ ಕೆಲಸಾನ ಯಾರಾದ್ರೂ ಬೇಕಂತ ಹಾಳು ಮಾಡ್ಕೋತಾರಾ?" ಎಂದ ಮುದುಕ.

"ಹಂಗಾದ್ರೆ ಅದರ ಕೆಳಗೇ ನಿನ್ನ ಹೆಸರು ಕೊರಿ. ನೂರು ಪ್ರತಿ ತೆಗೆಸಿ ಊರೂರಿಗೆ ಹಂಚಿಸ್ತೀನಿ. ನಿನ್ನ ಪದ್ಧತೀನ ಎಲ್ರೂ ನೋಡ್ಲಿ."

ನಲವತ್ತು ವರ್ಷದಲ್ಲಿ ಒಂದು ಗೆರೆ ಕೆಟ್ಟರೂ ತಗಡನ್ನೇ ಉಜ್ಜಿ ಅಳಿಸುತ್ತಿದ್ದ ಮನುಷ್ಯ ದೆಮಾಂಜ್. ಉಳಿ ತೆಗೆದುಕೊಂಡ. ಕಪ್ಪು ಮುದ್ದೆಯ ಕೆಳಗೆ ಒಂದೊಂದೇ ಅಕ್ಷರವನ್ನು, ಅಚ್ಚಿನಲ್ಲಿ ನೇರ ಬರುವಂತೆ ತಿರುಗುಮುರುಗಾಗಿ, ಅಂದವಾಗಿ ಕೊರೆದ. ಕೊನೆಯ ಅಕ್ಷರ ಮುಗಿಯುವವರೆಗೂ ಮಾರ್ಗೋ ತಗಡು ಅಲುಗದಂತೆ ಒತ್ತಿಹಿಡಿದಿದ್ದಳು.