ಮೂರು ತಪ್ಪಿನ ಲೆಕ್ಕ

ಹತ್ತೊಂಬತ್ತು ವರ್ಷ ನಿಂತೇ ದುಡಿದ ಹೆಂಗಸಿಗೆ ಕೂರುವುದೆಂದರೆ ಏನು ಎಂಬುದು ಕೂತು ಸಂಬಳ ತೆಗೆದುಕೊಳ್ಳುವವರಿಗೆ ಅರ್ಥವಾಗುವ ಸಂಗತಿಯಲ್ಲ. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಬಂದ ಶರ್ಟನ್ನು ಮೇಜಿನ ಮೇಲೆ ಹರವಿ, ಕಾಲರು, ತೋಳು, ಕಾಜ, ಒಳಹೊಲಿಗೆ ಎಲ್ಲದರ ಮೇಲೂ ಬೆರಳಾಡಿಸಿ, ತಪ್ಪು ಸಿಕ್ಕಿದರೆ ಕೆಂಪು ಪಟ್ಟಿ ಅಂಟಿಸಿ ಪಕ್ಕಕ್ಕಿಡುವುದು ಅವಳ ಕೆಲಸ. ಒಂದು ಕಟ್ಟಿನಲ್ಲಿ ಮೂರು ಶರ್ಟಿಗೆ ಕೆಂಪು ಪಟ್ಟಿ ಬಿತ್ತೆಂದರೆ ಮುಗಿಯಿತು, ಇಡೀ ಕಟ್ಟೇ ಹೊಲಿಗೆಯವರ ಬಳಿಗೆ ವಾಪಸ್. ಅವರು ಅಳಲಿ, ಶಾಪ ಹಾಕಲಿ, ಅವಳು ಸೊಪ್ಪು ಹಾಕಿದವಳಲ್ಲ. ಬೆನ್ನ ಹಿಂದೆ ಅವಳಿಗೆ ಭೂತಗನ್ನಡಿ ಎಂದು ಹೆಸರು, ಎದುರಿಗೆ ಬಂದರೆ ಅಕ್ಕಾ. ಎರಡೂ ಅವಳಿಗೆ ಗೊತ್ತಿತ್ತು.

ಈಗ ಕಾಲು ಕೈಕೊಟ್ಟಿತ್ತು. ಮೊಣಕಾಲಿನ ಕೆಳಗೆ ನರಗಳು ಗಂಟುಗಂಟಾಗಿ ಉಬ್ಬಿ ನೀಲಿಗಟ್ಟಿದ್ದವು. “ನಿಲ್ಲೋ ಕೆಲಸ ಬಿಟ್ಬಿಡಿ, ಇಲ್ಲಾಂದ್ರೆ ಹುಣ್ಣಾಗುತ್ತೆ” ಎಂದು ಡಾಕ್ಟರು ಹೇಳಿದ್ದರು. ಹೇಳುವುದಕ್ಕೇನು, ನೀರು ಕುಡಿದಷ್ಟು ಸುಲಭ. ಅವಳ ಗಂಡ ಬಸ್ ಡ್ರೈವರ್, ಅವನ ಪಾಡು ಇದರ ತಿರುವು ಮುರುವು. ಕೂತೂ ಕೂತೂ ಸೊಂಟ ಹಿಡಿದುಹೋಗಿ, ಮನೆಗೆ ಬಂದರೆ ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಣ್ಣುತ್ತಿದ್ದ.

“ನಾವಿಬ್ರೂ ಕೆಲಸ ಅದಲು ಬದಲು ಮಾಡ್ಕೊಂಡ್ರೆ ಸರಿಹೋಗುತ್ತೆ ಕಣೇ” ಎನ್ನುತ್ತಿದ್ದ.

“ನಿಮ್ಮ ಶರ್ಟಿನ ಗುಂಡಿ ತಪ್ಪಿರೋದೇ ನಿಮಗೆ ಕಾಣಲ್ಲ. ನೀವು ನನ್ನ ಮೇಜಿನ ಹತ್ರ ಬಂದ್ರೆ ಕಾರ್ಖಾನೆ ಮುಚ್ಚಬೇಕಾಗುತ್ತೆ” ಎನ್ನುತ್ತಿದ್ದಳು ಅವಳು.

ಇಬ್ಬರೂ ಸೇರಿ ಒಂದು ದಾರಿ ಕಂಡುಕೊಂಡಿದ್ದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಬಟ್ಟೆ ಗಿಡ್ಡ ಮಾಡುವುದು, ಸಡಿಲ ಮಾಡುವುದು ಮುಂತಾದ ಸಣ್ಣಪುಟ್ಟ ಕೆಲಸ ಹಿಡಿಯಬೇಕು. ಆದರೆ ಗಿರಾಕಿಗಳು ಕುದುರುವವರೆಗೆ ಮನೆ ನಡೆಯಬೇಕಲ್ಲ, ಅದಕ್ಕೆ ಒಂದಿಷ್ಟು ಗಂಟು ಬೇಕು. ಗಂಟಾದ ದಿನ ಅವಳು ಕಾರ್ಖಾನೆ ಬಿಡುವುದು ಎಂದು ಮಾತಾಗಿತ್ತು.

ಕಾರ್ಖಾನೆಯ ಅಕೌಂಟ್ಸ್ ಮೇಡಂ ಅವಳಿಗೆ ಕ್ವಾಲಿಟಿ ಫಂಡಿನ ದಾರಿ ತೋರಿಸಿದವಳು. “ಅಕ್ಕಾ, ಒಂದೊಂದೇ ಕಂಪನಿ ಷೇರು ಹುಡುಕ್ಕೊಂಡು ಹೋಗೋದು ನಮ್ಮಂಥವರಿಂದ ಆಗಲ್ಲ. ಇದು ಇಟಿಎಫ್ ಅಂತ. ಸಾಲ ಕಮ್ಮಿ ಇರೋ, ವರ್ಷಾನುಗಟ್ಟಲೆ ಲಾಭ ಕೆಡದೇ ಇರೋ ಮೂವತ್ತು ಕಂಪನಿ ಆರಿಸಿ ಒಂದೇ ಕಟ್ಟು ಮಾಡಿರ್ತಾರೆ. ಷೇರು ಕೊಂಡ ಹಾಗೇ ಒಂದೊಂದು ಯೂನಿಟ್ ಕೊಳ್ಳೋದು. ಕೆಟ್ಟು ಹೋದ ಕಂಪನೀನ ಆರು ತಿಂಗಳಿಗೊಮ್ಮೆ ಅವರೇ ತೆಗೆದು ಹಾಕ್ತಾರೆ. ಬೆಲೆ ಇಳಿಯುತ್ತೆ, ಏರುತ್ತೆ. ತಿಂಗಳು ತಿಂಗಳು ಹಾಕಿ ಸುಮ್ಮನಿದ್ದುಬಿಡಿ.”

“ಅಂದ್ರೆ ಇದು ಚೆಕ್ ಆಗಿ ಬಂದ ಮಾಲು.”

“ಹೂಂ, ಚೆಕ್ ಆಗಿರೋದೇ.”

ಆ ಒಂದು ಮಾತಿಗೆ ಅವಳು ಒಪ್ಪಿದಳು. ಗಂಡ ಡಿಪೋದಲ್ಲಿ ವಿಷಯ ಬಾಯಿಬಿಟ್ಟದ್ದರಿಂದ ಅವನ ಬಸ್ಸಿನ ಕಂಡಕ್ಟರೂ ಅದೇ ತಿಂಗಳು, ಅಷ್ಟೇ ದುಡ್ಡು ಹಾಕಲು ಶುರುಮಾಡಿದ. ಕಂಡಕ್ಟರ್ ಒಳ್ಳೆಯವನು, ಆದರೆ ತನ್ನ ತಲೆಯನ್ನೇ ಎಲ್ಲೋ ಇಟ್ಟು ಮರೆತು ಬರುವಂಥ ಆಸಾಮಿ.

ಅವಳು ಮಾತ್ರ ಮರೆಯುವ ಜಾತಿಯಲ್ಲ. ಟೀ ಬಿಡುವಿನಲ್ಲಿ ಮೊಬೈಲು ತೆರೆದರೆ ಮೂವತ್ತು ಕಂಪನಿಗಳ ಹೆಸರು ಒಂದರ ಕೆಳಗೊಂದು, ಬೆಲೆ ಏರಿದವು ಹಸಿರು, ಇಳಿದವು ಕೆಂಪು. ಒಂದೆರಡು ಕೆಂಪಿದ್ದ ದಿನ ತಡೆದುಕೊಂಡಳು. ಒಂದು ವಾರ ಮೂರು ಕಂಪನಿಗಳು ಬಿಡದೆ ಕೆಂಪಾಗಿಯೇ ಕೂತವು. ಮೂರು ತಪ್ಪು ಕಂಡೂ ಕಟ್ಟನ್ನು ಮುಂದಕ್ಕೆ ಬಿಡುವುದೆಂದರೆ ಹತ್ತೊಂಬತ್ತು ವರ್ಷದ ಅನ್ನಕ್ಕೆ ದ್ರೋಹ ಮಾಡಿದಂತೆ ಅವಳಿಗೆ ಕಂಡಿತು. ಇಡೀ ಕಟ್ಟನ್ನು ಮಾರಿಬಿಟ್ಟಳು. ಎರಡು ತಿಂಗಳಾದ ಮೇಲೆ ಎಲ್ಲ ಹಸಿರಾಗಿ ಬಂದಾಗ, ಮಾಲು ಸರಿಯಾಗಿದೆ ಎಂದು ಮತ್ತೆ ಕೊಂಡಳು. ಅಷ್ಟರಲ್ಲಿ ಬೆಲೆ ಏರಿತ್ತು. ಒಳ್ಳೆಯ ಮಾಲಿಗೆ ನಾಲ್ಕು ಕಾಸು ಹೆಚ್ಚು ತಾನೇ ಎಂದು ಸಮಾಧಾನ ಮಾಡಿಕೊಂಡಳು. ಹೀಗೆ ನಾಲ್ಕು ವರ್ಷದಲ್ಲಿ ಅದೆಷ್ಟು ಸಲ ವಾಪಸ್ ಕಳಿಸಿದಳೋ, ಅದೆಷ್ಟು ಸಲ ತರಿಸಿಕೊಂಡಳೋ. ಸೋವಿ ಆದಾಗ ಮಾರಿದ್ದು, ತುಟ್ಟಿ ಆದಾಗ ಕೊಂಡದ್ದು. ಗಂಡನಿಗೆ ಹೇಳಲಿಲ್ಲ. ಕೆಲಸವನ್ನು ಸರಿಯಾಗಿ ಮಾಡುತ್ತಿದ್ದೇನೆಂದೇ ನಂಬಿದವಳು ಏನೆಂದು ಹೇಳಿಯಾಳು?

ಆ ಭಾನುವಾರ ಗಂಡನೂ ಕಂಡಕ್ಟರೂ ಒಂದು ಕುರ್ಚಿಯನ್ನು ಹೊತ್ತುಕೊಂಡು ಒಳಗೆ ಬಂದರು. ಹಳೆ ಸಾಮಾನಿನ ಅಂಗಡಿಯದು. ಮೆಷಿನ್ ಮುಂದೆ ಕೂರಲು ಹೇಳಿ ಮಾಡಿಸಿದಂತಿತ್ತು. ಬೆನ್ನಿಗೆ ಒತ್ತು, ಕಾಲಿಡಲು ಅಡ್ಡಪಟ್ಟಿ.

“ಕೂತ್ಕೊಳ್ಳಿ ಅತ್ತಿಗೆ, ಕೂತ್ಕೊಂಡೇ ಕೇಳಿ” ಎಂದ ಕಂಡಕ್ಟರ್. “ನಾನು ಆ ಫಂಡಿನ ಪಾಸ್‌ವರ್ಡ್ ಮರೆತು ನಾಲ್ಕು ವರ್ಷ ಆಯ್ತು. ತಿಂಗಳು ತಿಂಗಳು ದುಡ್ಡು ತಾನಾಗೇ ಕಟ್ ಆಗ್ತಿತ್ತು, ನಾನೂ ಆ ಕಡೆ ತಲೆ ಹಾಕಿರಲಿಲ್ಲ. ಮೊನ್ನೆ ಅಳಿಯ ಬಂದವನು ಅದೇನೋ ಮಾಡಿ ತೆಗೆಸಿಕೊಟ್ಟ. ನೋಡ್ತೀನಿ, ಹಾಕಿದ್ದು ಒಂದೂವರೆಯಷ್ಟಾಗಿದೆ.”

“ನಮ್ದೂ ನಿಂದೂ ಒಂದೇ ತಿಂಗಳು ಶುರು. ಅಂದ್ಮೇಲೆ ಇವಳದ್ದೂ ಅಷ್ಟೇ ಆಗಿರುತ್ತೆ” ಎಂದ ಗಂಡ. ಸೊಂಟಕ್ಕೆ ಕೈಕೊಟ್ಟು ನಿಂತಿದ್ದರೂ ಮುಖ ಊರಗಲವಾಗಿತ್ತು. “ನಾಳೆ ಹೋಗಿ ಸೂಪರ್‌ವೈಸರ್‌ಗೆ ಹೇಳಿಬಿಡು. ಈ ತಿಂಗಳ ಕೊನೆಗೆ ಸಾಕು ಅಂತ.”

ಅವಳು ಕುರ್ಚಿಯಲ್ಲಿ ಕೂತಿದ್ದಳು. ಬೆನ್ನಿಗೆ ಹಿತವಾಗಿತ್ತು. ಅಷ್ಟು ಹಿತವಾದದ್ದರ ಮೇಲೆ ಕೂತು ಅಷ್ಟು ಸಂಕಟಪಟ್ಟದ್ದು ಅವಳ ಜನ್ಮದಲ್ಲೇ ಅದು ಮೊದಲು. “ನಿಮ್ಮದೂ ತೋರಿಸಿ ಅತ್ತಿಗೆ” ಎಂದು ಕಂಡಕ್ಟರ್ ಕೇಳಿದಾಗ, ಮೊಬೈಲಿನಲ್ಲಿ ಚಾರ್ಜ್ ಇಲ್ಲ ಎಂದಳು. ಅವನು ಟೀ ಕುಡಿದು ಹೋಗುವವರೆಗೂ ನಕ್ಕಂತೆ ಮಾಡಿದಳು. ಬಾಗಿಲು ಮುಚ್ಚಿದ ಮೇಲೆ ಎದ್ದು ನಿಂತಳು. ಕೂತು ಹೇಳಲು ಬಾಯಿ ಬರಲಿಲ್ಲ.

“ರೀ, ನಮ್ಮದು ಹಾಕಿದಷ್ಟೂ ಉಳಿದಿಲ್ಲ.”

ಅವನು ಮೊದಲು ತಮಾಷೆ ಎಂದುಕೊಂಡ. ಅವಳು ಮೂರು ಕೆಂಪಿನ ಕತೆಯನ್ನು ಮೊದಲಿನಿಂದ ಹೇಳಿದಳು. ಹೇಳುತ್ತ ಹೇಳುತ್ತ ತಾನು ಮಾಡಿದ್ದೇನು ಎಂಬುದು ಅವಳ ಕಣ್ಣಿಗೇ ಬಿಚ್ಚಿಕೊಳ್ಳುತ್ತ ಹೋಯಿತು. ಶರ್ಟಿನ ತಪ್ಪು ಬಿಚ್ಚಿ ಹೊಲಿಯದೆ ಸರಿಹೋಗುವುದಿಲ್ಲ. ಈ ಕಂಪನಿಗಳದ್ದು ಬರೀ ಬೆಲೆ ಇಳಿದದ್ದು, ಕಾದಿದ್ದರೆ ಹೆಚ್ಚಿನವು ತಾವಾಗೇ ಏರುತ್ತಿದ್ದವು.

“ಮೇಡಂ ಸುಮ್ಮನಿರಿ ಅಂದಿರಲಿಲ್ವಾ?” ಎಂದ ಅವನು.

“ಅಂದಿದ್ರು. ಸುಮ್ಮನಿರೋದು ನಂಗೆ ಬರಲ್ಲ ರೀ. ಯಾರೂ ಕಲಿಸಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಕಿಟಕಿಯ ಬಳಿ ಹೋಗಿ ಅವಳಿಗೆ ಬೆನ್ನು ಹಾಕಿ ನಿಂತ. “ಈಗ ಎಲ್ಲಿದೆ ದುಡ್ಡು?” ಎಂದ.

“ಹೋದ ವಾರ ಮಾರಿದೆ. ಬ್ಯಾಂಕಲ್ಲೇ ಬಿದ್ದಿದೆ.”

“ಮತ್ತೆ ಕಾಲಿನ ಗತಿ? ಇನ್ನೆಷ್ಟು ವರ್ಷ?”

“ಮೂರಾದ್ರೂ ಬೇಕು. ಅದೂ ಈಗ ತಗೊಂಡು, ಮುಟ್ಟದೇ ಇದ್ರೆ. ಏರೇ ಏರುತ್ತೆ ಅಂತ ಯಾರೂ ಬರೆದು ಕೊಡಲ್ಲ.”

“ನಾಳೆ ತಗೋ.”

“ಮೂರು ಕೆಂಪಿದ್ರೆ?”

“ಮೂವತ್ತಿದ್ರೂ ತಗೋ.” ಧ್ವನಿ ಗಡುಸಾಗಿತ್ತು. ಕುರ್ಚಿಯ ಕಡೆ ತಿರುಗಿ, “ಕುರ್ಚಿ ಕೊಟ್ಟವನು ವಾಪಸ್ ತಗೊಳ್ಳಲ್ಲ ಅಂದಿದ್ದಾನೆ. ಇಲ್ಲೇ ಇರಲಿ” ಎಂದ.

ಪಾಸ್‌ವರ್ಡ್ ನೀವೇ ಬದಲಾಯಿಸಿ ಇಟ್ಟುಕೊಳ್ಳಿ, ನನಗೆ ಹೇಳಬೇಡಿ ಎಂದು ಅವಳು ಮೊಬೈಲು ಚಾಚಿದಳು. ಅವನು ಕೈ ಮುಂದೆ ಮಾಡಲಿಲ್ಲ. “ನಿನ್ನ ಕಾಲು ಸವೆಸಿ ತಂದ ದುಡ್ಡು ಅದು. ನಾನು ಬೀಗ ಹಾಕಿದ್ರೆ ನನಗೆ ಮರ್ಯಾದೆ ಅಲ್ಲ, ನಿನಗೂ ಅಲ್ಲ” ಎಂದ. ಅವಳು ಅತ್ತದ್ದು ಆಗ.

ಸೋಮವಾರ ಟೀ ಬಿಡುವಿನಲ್ಲಿ ಮೊಬೈಲು ತೆರೆದಳು. ಐದು ಕೆಂಪಿದ್ದವು. ಬೆರಳು ಒಪ್ಪಲಿಲ್ಲ. ಹೊಲಿಗೆ ಬಿಟ್ಟ ಕಾಲರನ್ನು ಗೊತ್ತಿದ್ದೂ ಪೆಟ್ಟಿಗೆಗೆ ಹಾಕಿದಂತೆ ಮೈ ಬೆವರಿತು. ಕಣ್ಣು ಗಟ್ಟಿಯಾಗಿ ಮುಚ್ಚಿ ಒತ್ತಿದಳು. ಅಷ್ಟೂ ದುಡ್ಡು ಹೋಯಿತು, ಯೂನಿಟ್ಟುಗಳು ಬಂದವು. ಸಂತೋಷವೇನೂ ಆಗಲಿಲ್ಲ. ದಣಿವಾಯಿತು.

ಗಂಟೆ ಹೊಡೆಯಿತು. ಸೂಪರ್‌ವೈಸರ್ ಮೇಜಿನ ಬಳಿ ಬಂದು ನಿಂತ. “ಏನಕ್ಕಾ, ನಿಮ್ಮೋರು ಬೆಳಿಗ್ಗೆ ಬಸ್ಸಲ್ಲಿ ಸಿಕ್ಕಿದ್ರು. ನೀವೇನೋ ನನ್ನ ಹತ್ರ ಮಾತಾಡಬೇಕು ಅಂತ ಶನಿವಾರಾನೇ ಹೇಳಿದ್ರು. ಇವತ್ತು ಕೇಳಿದ್ರೆ ಏನೂ ಹೇಳ್ಲಿಲ್ಲ, ಹಿಂದೆ ಹೋಗಿ ಟಿಕೆಟ್ ತಗೊಳ್ಳಿ ಅಂದ್ರು. ಏನು ವಿಷಯ?”

ಶನಿವಾರವೇ ಹೇಳಿದ್ದನೆಂದರೆ ಕುರ್ಚಿ ತರುವ ಮೊದಲೇ ಗಂಡ ಅವಳನ್ನು ಮನಸ್ಸಿನಲ್ಲಿ ಕೂರಿಸಿಬಿಟ್ಟಿದ್ದ. ಅವಳು ಬಲಗಾಲಿನ ಭಾರವನ್ನು ಎಡಗಾಲಿಗೆ ಬಿಟ್ಟಳು.

“ಏನಿಲ್ಲ ಸಾರ್. ಮುಂದಿನ ಕಟ್ಟು ಕಳಿಸಿ” ಎಂದಳು.